ಗಂಟುರೋಗದ ಜೀವಿ ಆದಿಜೀವಿಯಲ್ಲ

ತಪ್ಪು ಕಲ್ಪನೆ: ರೇಷ್ಮೆಹುಳುವಿನ ಗಂಟುರೋಗಕ್ಕೆ ಕಾರಣ ಒಂದು ಪ್ರೊಟೊಜೋವಾ, ಅಂದರೆ ಆದಿಜೀವಿ.

ಸತ್ಯ: ರೇಷ್ಮೆ ಕೃಷಿಯ ಎಷ್ಟೋ ಬರಹಗಳಲ್ಲಿ ಈಗಲೂ ಹೀಗೇ ಇದೆ. ಈ ರೋಗ ತರುವ ನೊಸೀಮಾ ಬಾಂಬಿಸಿಸ್‌ಗೆ 1857ರಲ್ಲಿ ಹೆಸರಿಟ್ಟ ಕಾರ್ಲ್ ನೇಗೆಲಿ ಅದನ್ನು ಯೀಸ್ಟ್‌ನಂಥ ಜೀವಿಗಳ ಜೊತೆ ಸೇರಿಸಿದ್ದರು. ಆಮೇಲಿನವರು ಅದನ್ನು ಅಲ್ಲಿಂದ ಎತ್ತಿ ಸ್ಪೋರೊಜೋವಾ ಎಂಬ ಗುಂಪಿಗೆ ಹಾಕಿದರು. ಬೀಜಕ ಬಿಡುವ ಪರಾವಲಂಬಿಗಳೆಲ್ಲ ಒಂದೇ ಮನೆತನದವು ಎಂಬ ಎಣಿಕೆ ಆಗಿನದು. ಮಲೇರಿಯಾದ ಜೀವಿಯೂ, ಮೀನುಗಳನ್ನು ಕಾಡುವ ಮಿಕ್ಸೊಸ್ಪೊರಿಡಿಯಾವೂ ಅದರಲ್ಲೇ ಇದ್ದವು. ಇಂದು ಆ ಗುಂಪು ಒಡೆದುಹೋಗಿದೆ. ಮಿಕ್ಸೊಸ್ಪೊರಿಡಿಯಾ ಲೋಳೆಮೀನಿನ ಸಂಬಂಧಿಗಳೆಂದು, ಅಂದರೆ ಪ್ರಾಣಿಗಳೇ ಎಂದು ತಿಳಿದಿದೆ. ನೊಸೀಮಾ ಸೇರಿದ ಮೈಕ್ರೊಸ್ಪೊರಿಡಿಯಾ ಶಿಲೀಂಧ್ರಗಳದೇ ಒಂದು ಕವಲು, ಇಲ್ಲವೇ ಅವುಗಳ ತೀರ ಹತ್ತಿರದ ದಾಯಾದಿ. 1990ರ ದಶಕದಿಂದೀಚೆಗೆ ನಡೆದ ಜೀನ್‌ಗಳ ಹೋಲಿಕೆ ಇದನ್ನು ತೋರಿಸಿತು; ಬೀಜಕದ ಗೋಡೆಯಲ್ಲಿ ಕೈಟಿನ್ ಇರುವುದೂ ಇದಕ್ಕೆ ಹೊಂದುತ್ತದೆ. ಯೀಸ್ಟ್ ಕೂಡ ಶಿಲೀಂಧ್ರವೇ ಆದ್ದರಿಂದ ನೇಗೆಲಿಯವರ ಅಂದಾಜಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲೇಬೇಕು.

ತಪ್ಪು ಕಲ್ಪನೆ: ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯವೇ ಇಲ್ಲದ ಮೈಕ್ರೊಸ್ಪೊರಿಡಿಯಾ ಜೀವವಿಕಾಸದ ಮೊದಲ ಮೆಟ್ಟಿಲಲ್ಲೇ ನಿಂತ ಜೀವಿಗಳು.

ಸತ್ಯ: 1980ರ ದಶಕದಲ್ಲಿ ದೊಡ್ಡ ವಿಜ್ಞಾನಿಗಳೂ ಇದನ್ನು ನಂಬಿದ್ದರು. 2002ರಲ್ಲಿ ಇದೇ ಗುಂಪಿನ ಒಂದು ಜೀವಿಯಲ್ಲಿ ಮೈಟೊಕಾಂಡ್ರಿಯದ ಕುಗ್ಗಿದ ಅವಶೇಷ ಸಿಕ್ಕಿತು. ಮೊದಲಿಗೆ ಇವಕ್ಕೆ ಮೈಟೊಕಾಂಡ್ರಿಯ ಇತ್ತು, ಪರರ ಕೋಶದಲ್ಲಿ ಬದುಕುತ್ತ ಅದನ್ನು ಬಹುಪಾಲು ಕಳೆದುಕೊಂಡವು. ಕಳೆದುಕೊಂಡದ್ದಷ್ಟೇ ಅಲ್ಲ, ಬೆರಗಾಗುವಂಥದ್ದನ್ನು ಗಳಿಸಿಯೂ ಇವೆ. ಸುಮಾರು 4 ಮೈಕ್ರೊಮೀಟರ್ ಉದ್ದದ ಬೀಜಕದೊಳಗೆ ಒಂದು ನಳಿಕೆ ಸುರುಳಿ ಸುತ್ತಿಕೊಂಡಿರುತ್ತದೆ. ಹಿಪ್ಪುನೇರಳೆ ಸೊಪ್ಪಿನ ಜೊತೆ ಬೀಜಕ ಹುಳುವಿನ ಕರುಳು ಸೇರಿದಾಗ ನಳಿಕೆ ಥಟ್ಟನೆ ಹೊರಚಿಮ್ಮಿ, ಇಂಜೆಕ್ಷನ್ ಸೂಜಿಯಂತೆ ಕರುಳಿನ ಕೋಶವನ್ನು ಚುಚ್ಚಿ, ಬೀಜಕದ ಒಳಗಿದ್ದುದನ್ನೆಲ್ಲ ಅಲ್ಲಿಗೆ ಸುರಿಯುತ್ತದೆ. ಇದನ್ನು ಮೊದಲ ಮೆಟ್ಟಿಲು ಅನ್ನುವುದು ಹೇಗೆ?

ತಪ್ಪು ಕಲ್ಪನೆ: ಶಿಲೀಂಧ್ರದ ಬಳಗ ಅಂದಮೇಲೆ ಸುಣ್ಣಕಟ್ಟು ರೋಗಕ್ಕೆ ಮಾಡುವಂತೆ ಹುಳುಗಳಿಗೆ ಸೋಂಕುನಿವಾರಕ ಪುಡಿ ಉದುರಿಸಿದರೆ ಸಾಕು.

ಸತ್ಯ: ಸಾಲದು. ಸುಣ್ಣಕಟ್ಟು ಶಿಲೀಂಧ್ರ ಚರ್ಮದ ಮೂಲಕ ಒಳಹೊಕ್ಕರೆ, ನೊಸೀಮಾ ಸೊಪ್ಪಿನ ಮೂಲಕವಷ್ಟೇ ಅಲ್ಲ, ತಾಯಿ ಚಿಟ್ಟೆಯಿಂದ ಮೊಟ್ಟೆಗೂ ಇಳಿಯುತ್ತದೆ. ಹುಳುಮನೆಯ ಸೋಂಕು ನಿವಾರಣೆ ಬೇಕೇ ಬೇಕು. ಆದರೆ ಮೊಟ್ಟೆಯೊಳಗಿನ ಸೋಂಕಿಗೆ ಅದು ತಲುಪದು. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಸ್ಚರ್ ರೂಪಿಸಿದ ದಾರಿಯೇ ಇಂದಿಗೂ ಗತಿ: ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಹೊಳೆಯುವ ಅಂಡಾಕಾರದ ಬೀಜಕ ಕಂಡರೆ ಅದರ ಮೊಟ್ಟೆಗಳನ್ನು ಸುಡುವುದು. ಮೊಟ್ಟೆ ಕೊಳ್ಳುವ ಮುಂಚೆ ತಾಯಿ ಚಿಟ್ಟೆಯ ಪರೀಕ್ಷೆ ಆಗಿದೆಯೇ ಎಂದು ತಪ್ಪದೆ ಕೇಳಿ.