ನಮ್ಮ ಉಡುಪನ್ನು ನೋಡುವವರೆಷ್ಟು ಮಂದಿ?

ಬಿಸಿಲು, ಚಳಿ, ಮಳೆಗಳಿಂದ ಮೈಯನ್ನು ಕಾಯುವುದು ಬಟ್ಟೆಯ ಮೊದಲ ಕೆಲಸ. ಅದರ ಕೆಲಸ ಅಷ್ಟಕ್ಕೇ ಮುಗಿಯುವಂತಿದ್ದರೆ ತೇಪೆ ಹಾಕಿದ ಅಂಗಿಯೂ ಹೊಸ ಅಂಗಿಯೂ ನಮಗೆ ಸಮಾನವಾಗಿರಬೇಕಾಗಿತ್ತು. ಆದರೆ ತೇಪೆಯ ಅಂಗಿಯನ್ನು ತೊಟ್ಟ ವಿದ್ಯಾರ್ಥಿ ಹಿಂದಿನ ಬೆಂಚನ್ನು ಹುಡುಕುತ್ತಾನೆ. ಉತ್ತರ ತಿಳಿದಿದ್ದರೂ ಎದ್ದು ನಿಲ್ಲಲು ಹಿಂಜರಿಯುತ್ತಾನೆ. ಅಕ್ಕನ ಹಳೆಯ ಸೀರೆಯನ್ನು ಉಡಬೇಕಾದ ಹುಡುಗಿ ಕಾಲೇಜಿನ ಸಮಾರಂಭಕ್ಕೇ ಹೋಗದೆ ಮನೆಯಲ್ಲಿ ಉಳಿಯುತ್ತಾಳೆ. ಮೈಯನ್ನು ಕಾಯಬೇಕಾದ ಬಟ್ಟೆ ಹೀಗೆ ಮನಸ್ಸಿಗೆ ಭಾರವಾಗುವುದೇಕೆ?

ಅಮೆರಿಕದ ಮನಶ್ಶಾಸ್ತ್ರಜ್ಞರಾದ ವಿಲಿಯಂ ಜೇಮ್ಸ್ ಅವರು 1890ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಇದಕ್ಕೆ ಕಾರಣವನ್ನು ಸೂಚಿಸಿದ್ದಾರೆ. ‘ನಾನು’ ಎಂಬ ಭಾವನೆ ದೇಹದ ಎಲ್ಲೆಯಲ್ಲಿಯೇ ನಿಲ್ಲುವುದಿಲ್ಲ. ಬಟ್ಟೆ, ಮನೆಮಂದಿ, ಮನೆ ಇವುಗಳವರೆಗೂ ಅದು ಹಬ್ಬುತ್ತದೆ. ಈ ಸಾಲಿನಲ್ಲಿ ದೇಹದ ಅನಂತರದ ಸ್ಥಾನವನ್ನು ಅವರು ಕೊಟ್ಟಿರುವುದು ಬಟ್ಟೆಗೆ. ಆದುದರಿಂದಲೇ ನಮ್ಮ ಅಂಗಿಯನ್ನು ಹಳಿದವರು ನಮ್ಮನ್ನೇ ಹಳಿದಂತೆ ನಮಗೆ ತೋರುತ್ತದೆ.

ಹಾಗಾದರೆ ನಾವು ಅಂಜುವಷ್ಟು ಮಂದಿ ನಮ್ಮ ಉಡುಪನ್ನು ನಿಜವಾಗಿಯೂ ಗಮನಿಸುತ್ತಾರೆಯೇ? ಕಾರ್ನೆಲ್ ವಿಶ್ವವಿದ್ಯಾನಿಲಯದ ಥಾಮಸ್ ಗಿಲೋವಿಚ್ ಮತ್ತು ಅವರ ಸಂಗಡಿಗರು ಇದನ್ನು ಪ್ರಯೋಗದಿಂದಲೇ ಪರೀಕ್ಷಿಸಿ, ಫಲಿತಾಂಶಗಳನ್ನು 2000ದಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಯೊಬ್ಬನಿಗೆ ಗಾಯಕ ಬ್ಯಾರಿ ಮ್ಯಾನಿಲೋ ಅವರ ಚಿತ್ರವಿದ್ದ ಟೀ ಷರ್ಟನ್ನು ತೊಡಿಸಲಾಯಿತು. ಆ ಗಾಯಕರ ಚಿತ್ರವನ್ನು ಎದೆಯ ಮೇಲೆ ಹೊತ್ತು ತಿರುಗುವುದು ಅಲ್ಲಿನ ವಿದ್ಯಾರ್ಥಿಗಳಿಗೆ ಮುಜುಗರದ ಸಂಗತಿ. ಆ ವೇಷದಲ್ಲಿಯೇ ಅವನು ಇತರ ವಿದ್ಯಾರ್ಥಿಗಳು ಕುಳಿತಿದ್ದ ಕೊಠಡಿಯನ್ನು ಹೊಕ್ಕು, ಸ್ವಲ್ಪ ಹೊತ್ತಿನಲ್ಲಿಯೇ ಹೊರಬರಬೇಕು. ಅಂಗಿಯ ಮೇಲಿನ ಚಿತ್ರ ಯಾರದೆಂಬುದನ್ನು ಎಷ್ಟು ಮಂದಿ ಗುರುತಿಸಿರಬಹುದು? ಹೀಗೆ ಒಬ್ಬೊಬ್ಬರನ್ನೇ ಕೇಳಿದಾಗ, ಸುಮಾರು ಅರ್ಧದಷ್ಟು ಮಂದಿ ಎಂಬ ಊಹೆ ಬಂದಿತು. ನಿಜವಾಗಿ ಗುರುತಿಸಿದ್ದವರು ಕಾಲುಭಾಗಕ್ಕಿಂತ ಹೆಚ್ಚಿರಲಿಲ್ಲ. ವಿದ್ಯಾರ್ಥಿಗಳು ಮೆಚ್ಚುವ ವ್ಯಕ್ತಿಗಳ ಚಿತ್ರಗಳನ್ನು ಬಳಸಿದಾಗಲೂ ಊಹೆ ಅರ್ಧದಷ್ಟೇ ಇದ್ದಿತು. ಗುರುತಿಸಿದವರು ಮಾತ್ರ ಶೇಕಡ 10ಕ್ಕಿಂತಲೂ ಕಡಿಮೆ. ಎಂದರೆ, ನಾಚಿಕೆಯಲ್ಲಿ ಹೇಗೋ ಹೆಮ್ಮೆಯಲ್ಲಿಯೂ ಹಾಗೆಯೇ ನಾವು ನೋಡುವ ಕಣ್ಣುಗಳನ್ನು ಇರುವುದಕ್ಕಿಂತ ಹೆಚ್ಚಾಗಿ ಎಣಿಸುತ್ತೇವೆ.

ಇದಕ್ಕೆ ಕಾರಣ ಸರಳವಾದುದು. ನಮ್ಮ ಅಂಗಿಯ ಯೋಚನೆ ನಮ್ಮ ಮನಸ್ಸನ್ನು ತುಂಬಿರುತ್ತದೆ. ಇತರರ ಮನಸ್ಸನ್ನು ಊಹಿಸುವಾಗ ನಾವು ಹೊರಡುವುದು ನಮ್ಮ ಮನಸ್ಸಿನಿಂದಲೇ. ಅಲ್ಲಿಂದ ಸಾಕಷ್ಟು ದೂರ ಸರಿಯುವುದಿಲ್ಲ. ಆ ಅಂಗಿಯನ್ನು ಕೆಲಹೊತ್ತು ತೊಟ್ಟಿದ್ದು ಅಭ್ಯಾಸವಾದ ಬಳಿಕ ಕೊಠಡಿಯನ್ನು ಹೊಕ್ಕವರ ಊಹೆ ಕಡಿಮೆಯಾಗಿದ್ದುದು ಈ ವಿವರಣೆಗೆ ಒಂದು ಆಧಾರ. ವಾಚಕರೂ ಇದನ್ನು ಪರೀಕ್ಷಿಸಬಹುದು. ನಿನ್ನೆ ಪಕ್ಕದಲ್ಲಿ ಕುಳಿತಿದ್ದ ಐವರು ಸಹಪಾಠಿಗಳ ಉಡುಪಿನ ಬಣ್ಣವನ್ನು ನೆನಪಿನಿಂದ ಬರೆಯಲು ಪ್ರಯತ್ನಿಸಿರಿ. ನಿಮಗೆ ಎಷ್ಟು ನೆನಪಿದೆಯೋ ಅವರಿಗೂ ಹೆಚ್ಚುಕಡಮೆ ಅಷ್ಟೇ ನೆನಪಿರುತ್ತದೆ.

ಈ ಪ್ರಯೋಗದಿಂದ ಅತಿಯಾದ ತೀರ್ಮಾನಕ್ಕೆ ಬರಬಾರದು. ನಡೆದದ್ದು ಅಮೆರಿಕದ ವಿದ್ಯಾರ್ಥಿಗಳ ನಡುವೆ. ಅದೇ ಪ್ರಮಾಣ ಎಲ್ಲೆಡೆಯೂ ಹೊಂದಬೇಕೆಂದಿಲ್ಲ. ಉಡುಪನ್ನು ಕಂಡು ಹಾಸ್ಯಮಾಡುವವರು ಇಲ್ಲವೆಂದೂ ಅದು ಹೇಳುವುದಿಲ್ಲ. ಬಡತನವನ್ನು ಎತ್ತಿ ಆಡಿದ ಮಾತು ನೋಯಿಸಿಯೇ ನೋಯಿಸುತ್ತದೆ. ಆ ತಪ್ಪು ಆಡಿದವರದೇ ಹೊರತು ತೊಟ್ಟವರದಲ್ಲ.

ಉಡುಪೇ ಮನುಷ್ಯನನ್ನು ಮಾರ್ಪಡಿಸುತ್ತದೆಂಬ ಮಾತನ್ನೂ ಎಚ್ಚರದಿಂದ ಸ್ವೀಕರಿಸಬೇಕು. ಬಿಳಿಯ ನಿಲುವಂಗಿಯನ್ನು ವೈದ್ಯರದೆಂದು ಹೇಳಿ ತೊಡಿಸಿದರೆ ತೊಟ್ಟವರ ಗಮನಶಕ್ತಿ ಹೆಚ್ಚುತ್ತದೆಂದು 2012ರಲ್ಲಿ ಇಬ್ಬರು ಸಂಶೋಧಕರು ವರದಿಮಾಡಿದ್ದರು. ಅದೇ ಸಂಶೋಧನೆಯ ಒಂದು ಪರೀಕ್ಷೆಯನ್ನು ಇತರರು ಮತ್ತೆ ನಡೆಸಿ 2019ರಲ್ಲಿ ಪ್ರಕಟಿಸಿದಾಗ ನಿಲುವಂಗಿಯಿಂದ ಅಂಥ ಲಾಭ ಕಂಡುಬರಲಿಲ್ಲ.

ಜೇಮ್ಸ್ ಅವರು ಕೊಟ್ಟ ಒಂದು ಸೂತ್ರ ಇಲ್ಲಿ ಉಪಯುಕ್ತ. ನಮ್ಮ ಸಾಧನೆಯನ್ನು ನಮ್ಮ ಹಂಬಲದಿಂದ ಭಾಗಿಸಿದರೆ ಬರುವುದೇ ಆತ್ಮಗೌರವ. ಅಂಶವನ್ನು ಹೆಚ್ಚಿಸಿದರೆ ಭಾಗಲಬ್ಧ ಹೆಚ್ಚುವುದು. ಛೇದವನ್ನು ತಗ್ಗಿಸಿದರೂ ಹೆಚ್ಚುವುದು. ಎಲ್ಲರ ಕಣ್ಣಿಗೂ ಚೆನ್ನಾಗಿ ಕಾಣಬೇಕೆಂಬ ಹಂಬಲವನ್ನು ಕೈಬಿಡುವುದಕ್ಕೆ ದುಡ್ಡು ಬೇಕಾಗಿಲ್ಲ.

ಆ ಹಂಬಲವನ್ನು ಬಿಟ್ಟಮೇಲೆ ನಮ್ಮದೇ ಆದ ಉಡುಪಿನ ರೀತಿಯನ್ನು ಆರಿಸಿಕೊಳ್ಳುವುದು ಸುಲಭ. ನಮ್ಮ ಊರಿನ ಹವೆಗೆ ಯಾವುದು ಹಿತ? ಹತ್ತಿಯ ನೂಲು ತನ್ನ ತೂಕದ ಸುಮಾರು ಶೇಕಡ 8ರಷ್ಟು ತೇವವನ್ನು ಗಾಳಿಯಿಂದ ಹೀರಿಕೊಳ್ಳಬಲ್ಲುದು. ಪಾಲಿಯೆಸ್ಟರು ಶೇಕಡ 1ರಷ್ಟನ್ನೂ ಹೀರಲಾರದು. ಬಸ್ಸು ಹತ್ತಲು, ಸೈಕಲ್ಲು ತುಳಿಯಲು, ಪ್ರಯೋಗಶಾಲೆಯಲ್ಲಿ ನಿಂತು ಕೆಲಸ ಮಾಡಲು ಯಾವುದು ಅನುಕೂಲ? ನಾವೇ ಒಗೆದು ಶುಚಿಯಾಗಿಡಬಹುದಾದುದು ಯಾವುದು? ಯಾವ ಬಣ್ಣ ನಮಗೆ ಇಷ್ಟ? ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು ನಾವೇ. ಆರಿಸಿದ ಉಡುಪು ನಮ್ಮದಾಯಿತೆ ಎಂಬುದನ್ನು ಅರಿಯಲು ಕನ್ನಡಿಗಿಂತ ಒಳ್ಳೆಯ ಪರೀಕ್ಷೆಯೊಂದುಂಟು: ಅದನ್ನು ತೊಟ್ಟು ತರಗತಿಯಲ್ಲಿ ಕುಳಿತಾಗ ಅದು ಮರೆತುಹೋಗಿ ಮನಸ್ಸು ಪಾಠದ ಕಡೆಗೆ ತಿರುಗಬೇಕು.