ಹೆಗಲಿಗೆರಡು ಕ್ಯಾಮೆರಾ: ಕುತ್ತಿಗೆ ಉಳಿಸ್ಕೊಂಡು ಮದುವೆ ಶೂಟ್ ಮಾಡೋದು ಹ್ಯಾಂಗ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಾಗ ಕುಂತವರಿಗೆ, ವಾಡಿ ಜಂಕ್ಷನ್‌ನಾಗ ರೈಲಿಗೆ ಕಾಯ್ತಾ ನಿಂತವರಿಗೆ, ನಾಳೆ ಬೆಳಿಗ್ಗೆ ಮದುವೆ ಅದ ಅಂತ ಇವತ್ತು ರಾತ್ರಿ ಬ್ಯಾಟರಿ ಚಾರ್ಜಿಗೆ ಹಾಕಿ ಕುಂತವರಿಗೆ, ಎಲ್ಲರಿಗೂ ಈ ಮಾತು. ಇವತ್ತಿನ ಮಾತು ಮುಖ್ಯವಾಗಿ ಆ ಮೂರನೇ ಗುಂಪಿನವರಿಗೆ. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ ಕಡೆ ಮದುವೆ ಫೋಟೋ ತೆಗೆಯೋ ಹುಡುಗ ಹುಡುಗಿಯರು ಒಂದು ಕ್ಯಾಮೆರಾದಿಂದ ಶುರು ಮಾಡ್ತಾರೆ. ಸ್ವಲ್ಪ ಕೆಲಸ ಸಿಕ್ಕ ಮೇಲೆ ಎರಡನೇದು ಬರ್ತದೆ, ಸ್ವಂತದ್ದೋ ಬಾಡಿಗೆದೋ. ಬಂದ ದಿನ ಖುಷಿ. ಮಾರನೇ ದಿನ ಕುತ್ತಿಗೆ ತಿರುಗಿಸೋಕೆ ಬರಲ್ಲ.

ಮೊದಲು ಒಂದು ಪ್ರಶ್ನೆ ಮುಗಿಸೋಣ. ಎರಡು ಕ್ಯಾಮೆರಾ ಬೇಕೇ ಬೇಕಾ? ಜನರ ಮುಂದೆ ದೊಡ್ಡ ಫೋಟೋಗ್ರಾಫರ್ ಥರ ಕಾಣೋಕೆ ಅಂತಾದ್ರೆ ಬೇಡ. ಆದರೆ ಅಕ್ಕಿಕಾಳು ಬೀಳೋ ಹೊತ್ತು ನೆನಪು ಮಾಡ್ಕೊಳ್ರಿ. ತಾಳಿ ಕಟ್ತಾ ಇದ್ದಾರೆ, ಬಾಜಾ ಜೋರಾಗಿದೆ, ಇಡೀ ಮಂಟಪ ಎದ್ದು ನಿಂತಿದೆ, ಗಾಳಿಯಲ್ಲಿ ಅಕ್ಷತೆ. ಅದಕ್ಕೆ ಅಗಲ ಲೆನ್ಸ್ ಬೇಕು. ಅದೇ ಗಳಿಗೆಯಲ್ಲಿ ಹುಡುಗಿಯ ಅವ್ವ ಕಂಬದ ಪಕ್ಕ ನಿಂತು ಸೆರಗಿನಿಂದ ಕಣ್ಣು ಒರೆಸ್ಕೊಳ್ತಾ ಇರ್ತಾರೆ. ಅದಕ್ಕೆ ಉದ್ದ ಲೆನ್ಸ್ ಬೇಕು. ನೀವು ಲೆನ್ಸ್ ಬಿಚ್ಚಿ ಇನ್ನೊಂದು ಹಾಕೋಷ್ಟರಲ್ಲಿ ಎರಡೂ ಮುಗಿದಿರ್ತದೆ. "ಇನ್ನೊಮ್ಮೆ ತಾಳಿ ಕಟ್ರಿ" ಅಂತ ಕೇಳೋಕೆ ಆಗಲ್ಲ. ಕೇಳೋರೂ ಇದ್ದಾರೆ, ಅದು ಬೇರೆ ಮಾತು.

ನಮ್ಮ ಕಡೆ ಇನ್ನೊಂದು ಕಾರಣನೂ ಅದ: ಧೂಳು. ಸಿಮೆಂಟ್ ಲಾರಿ ಓಡಾಡೋ ರಸ್ತೆ, ಕಲ್ಲಿನ ಕ್ವಾರಿ, ಬ್ಯಾಸಿಗಿ ಗಾಳಿ. ಮನೆ ಮುಂದಿನ ಹಂದರದಾಗ ನಿಂತು ದಿನಕ್ಕೆ ಇಪ್ಪತ್ತು ಸಲ ಲೆನ್ಸ್ ಬದಲಾಯಿಸಿದರೆ ಆ ಧೂಳು ಸೆನ್ಸರ್ ಮೇಲೆ ಕೂರ್ತದೆ. ಆಮೇಲೆ ಪ್ರತಿ ಫೋಟೋದಾಗ ಕರಿ ಚುಕ್ಕಿ. ಎರಡು ಬಾಡಿ ಇದ್ದರೆ ಬೆಳಿಗ್ಗೆ ಮನೆಯೊಳಗೆ ಲೆನ್ಸ್ ಹಾಕಿದ್ದು ಸಂಜೆ ತನಕ ಬಿಚ್ಚೋ ಪ್ರಸಂಗ ಕಡಿಮೆ.

ಈಗ ತೂಕದ ಲೆಕ್ಕ. ಒಂದು ಕಡೆ ಕ್ಯಾನನ್ 5ಡಿ ಮಾರ್ಕ್ 4 ಇದೆ ಅಂದುಕೊಳ್ಳಿ. ಬ್ಯಾಟರಿ ಸೇರಿ ಸುಮಾರು 890 ಗ್ರಾಂ. ಅದಕ್ಕೆ 24-70 ಎಫ್ 2.8 ಲೆನ್ಸ್, 805 ಗ್ರಾಂ. ಮೇಲೆ ಫ್ಲ್ಯಾಶ್, ಸೆಲ್ ಹಾಕಿದರೆ ಅರ್ಧ ಕಿಲೋ ಹತ್ತಿರ. ಒಟ್ಟು 2.2 ಕಿಲೋ. ಇನ್ನೊಂದು ಕಡೆ 6ಡಿ ಮಾರ್ಕ್ 2, 765 ಗ್ರಾಂ. ಅದರ ಮುಂದೆ 70-200 ಎಫ್ 2.8, ಹತ್ತಿರ ಒಂದೂವರೆ ಕಿಲೋ. ಅಲ್ಲೂ 2.2 ಕಿಲೋ ದಾಟ್ತು. ಎರಡೂ ಸೇರಿ ನಾಲ್ಕೂವರೆ ಕಿಲೋ. ಕೇಳೋಕೆ ಏನೂ ಅಲ್ಲ, ಒಂದು ಸಣ್ಣ ಜೋಳದ ಚೀಲ. ಆದರೆ ಅರಿಶಿಣದಿಂದ ಹಿಡಿದು ಹುಡುಗಿಯನ್ನ ಕಳಿಸೋ ತನಕ ಹತ್ತು ಹನ್ನೆರಡು ತಾಸು ಅದು ನಿಮ್ಮ ಮೈಮೇಲೇ ಇರ್ತದೆ.

ಕಲಬುರಗಿ ಮಾರ್ಕೆಟ್‌ನಾಗ ತೊಗರಿ ಚೀಲ ಹೊರೋ ಹಮಾಲರನ್ನ ನೋಡಿರಬೇಕು. ಬೆನ್ನ ಮೇಲೆ ಹೊರ್ತಾರೆ, ಹೆಗಲ ಮೇಲೆ ಹೊರ್ತಾರೆ. ನಮ್ಮ ಅವ್ವಂದಿರು ಕೊಡ ಸೊಂಟದ ಮೇಲೆ ಇಟ್ಕೊಳ್ತಾರೆ. ಯಾರೂ ಕುತ್ತಿಗೆಗೆ ಕಟ್ಕೊಂಡು ನಡೆಯಲ್ಲ. ನಾವು ಮಾತ್ರ ಕಂಪನಿ ಡಬ್ಬಿಯಾಗ ಕೊಟ್ಟ ಪಟ್ಟಿಯನ್ನ ಕುತ್ತಿಗೆಗೆ ಹಾಕ್ಕೊಂಡು, ಅದರ ಮೇಲೆ ಇನ್ನೊಂದನ್ನ ಹಾಕ್ತೀವಿ. ಎರಡು ಬೆರಳಗಲದ ಪಟ್ಟಿ ಕುತ್ತಿಗೆ ಹಿಂದಿನ ಒಂದೇ ಜಾಗದಾಗ ಕೂತು ತಲೆಯನ್ನ ಮುಂದಕ್ಕೆ ಎಳೀತದೆ. ಅದನ್ನ ತಡೀಲಿಕ್ಕೆ ಕುತ್ತಿಗೆ ಮತ್ತು ಹೆಗಲಿನ ಸ್ನಾಯುಗಳು ಇಡೀ ದಿನ ಬಿಗಿದೇ ಇರ್ತಾವೆ. ಸಂಜೆಗೆ ತಲೆನೋವು ಬರೋದು ಬರೀ ಡಿಜೆ ಸದ್ದಿಗಲ್ಲ.

ಹಂಗಾದ್ರೆ ಭಾರ ಎಲ್ಲಿಗೆ ಹೋಗಬೇಕು? ಎರಡೂ ಹೆಗಲಿಗೆ ಸಮನಾಗಿ, ಇಲ್ಲಾಂದ್ರೆ ಸೊಂಟಕ್ಕೆ. ಇಷ್ಟೇ ವಿಷಯ. ಉಳಿದದ್ದೆಲ್ಲ ಇದನ್ನ ಮಾಡೋ ದಾರಿಗಳು.

ಖರ್ಚಿಲ್ಲದ ದಾರಿ ಮೊದಲು. ಇರೋ ಎರಡು ಪಟ್ಟಿಗಳನ್ನೇ ಪೂರ್ತಿ ಉದ್ದ ಬಿಡ್ರಿ. ಬಲಗಡೆ ತೂಗೋ ಕ್ಯಾಮೆರಾದ ಪಟ್ಟಿ ಎಡ ಹೆಗಲ ಮೇಲಿಂದ ಬರಲಿ, ಎಡಗಡೆದು ಬಲ ಹೆಗಲ ಮೇಲಿಂದ. ಎದೆ ಮೇಲೆ, ಬೆನ್ನ ಮೇಲೆ ಅಡ್ಡಡ್ಡ ದಾಟ್ತಾವೆ. ಬೆನ್ನ ಹಿಂದೆ ದಾಟೋ ಜಾಗದಾಗ ಎರಡನ್ನೂ ಒಂದು ತುಂಡು ಬೆಲ್ಟ್‌ನಿಂದ ಜೋಡಿಸ್ರಿ, ಇಲ್ಲಾಂದ್ರೆ ನಡೀತಾ ನಡೀತಾ ಜಾರಿ ಮತ್ತೆ ಕುತ್ತಿಗೆಗೇ ಬರ್ತಾವೆ. ಶಾಲೆ ಚೀಲ ರಿಪೇರಿ ಮಾಡೋ ಅಂಗಡಿ ಪ್ರತಿ ಊರಾಗ ಅದ. ಹಳೇ ಕಾರಿನ ಸೀಟ್ ಬೆಲ್ಟ್ ಪಟ್ಟಿ ಒಯ್ದು ಕೊಟ್ಟರೆ ಅಗಲವಾಗಿ ಹೊಲಿದು ಕೊಡ್ತಾರೆ. ಹೆಗಲ ಮೇಲೆ ಕೂರೋ ಭಾಗಕ್ಕೆ ಒಳಗೆ ಸ್ವಲ್ಪ ಫೋಮ್ ಹಾಕಿಸ್ರಿ. ಭಾರ ಹೊರೋ ಕಡೆ ಒಂದೇ ಗೆರೆ ಹೊಲಿಗೆ ಸಾಲದು, ಚೌಕಾಕಾರ ಹೊಲಿದು ನಡುವೆ ಅಡ್ಡಡ್ಡ ಎರಡು ಗೆರೆ ಎಳೀರಿ ಅಂತ ಹೇಳ್ರಿ, ಅವರಿಗೆ ಗೊತ್ತಾಗ್ತದೆ.

ದುಡ್ಡಿದ್ದರೆ ಹಾರ್ನೆಸ್. ಬ್ಲ್ಯಾಕ್‌ರ್‍ಯಾಪಿಡ್‌ನ ಜೋಡಿ ಪಟ್ಟಿ, ಹೋಲ್ಡ್‌ಫಾಸ್ಟ್‌ನ ಮನಿಮೇಕರ್ ಅನ್ನೋ ಚರ್ಮದ ಹಾರ್ನೆಸ್, ಇವು ಹೆಸರಾದವು. ಇದೇ ಮಾದರಿಯ ಅಗ್ಗದವು ಆನ್‌ಲೈನ್‌ನಾಗ ಬೇಕಾದಷ್ಟು ಅದಾವೆ. ಚರ್ಮದ್ದು ನೋಡೋಕೆ ಚೆಂದ, ಒಪ್ತೀನಿ. ಆದರೆ 40 ಡಿಗ್ರಿ ದಾಟೋ ನಮ್ಮ ಏಪ್ರಿಲ್, ಮೇ ತಿಂಗಳ ಮದುವೆಗೆ ನನ್ನ ಓಟು ಬಟ್ಟೆ ಪಟ್ಟಿಗೇ. ಬೆವರು ಕುಡಿದ ಚರ್ಮ ಒಣಗಿದ ಮೇಲೆ ಬಿರುಸಾಗ್ತದೆ, ಅಂಗಿ ಮೇಲೆ ಬಣ್ಣನೂ ಬಿಡ್ತದೆ. ಬಟ್ಟೆದಾದ್ರೆ ರಾತ್ರಿ ಒಗೆದು ಹಾಕಬಹುದು. ಅರಿಶಿಣ ಕಾರ್ಯದಾಗ ಫೋಟೋಗ್ರಾಫರ್‌ಗೂ ಬಳಿಯೋ ಬೀಗರು ಇರೋ ತನಕ ಈ ಒಗೆಯೋ ಮಾತು ಸಣ್ಣದಲ್ಲ.

ಮೂರನೇದು ಸೊಂಟದ ಬೆಲ್ಟ್. ಸ್ಪೈಡರ್ ಹೋಲ್‌ಸ್ಟರ್ ಅಂತ ಒಂದು ಬರ್ತದೆ. ಕ್ಯಾಮೆರಾ ತಳಕ್ಕೆ ಒಂದು ಗುಬಟು ಇರ್ತದೆ, ಅದು ಬೆಲ್ಟಿನ ಖಾನೆಯಾಗ ಕೂತು ಲಾಕ್ ಆಗ್ತದೆ. ಹೆಗಲಿಗೆ ಭಾರನೇ ಇಲ್ಲ, ಎಲ್ಲ ಸೊಂಟದ ಎಲುಬಿನ ಮೇಲೆ, ಅಲ್ಲಿಂದ ಕಾಲಿಗೆ. ಎದೆ ಮೇಲೆ ಅಡ್ಡ ಪಟ್ಟಿ ಬೇಡ ಅನ್ನೋ ಹೆಣ್ಣುಮಕ್ಕಳಿಗೆ, ದುಪಟ್ಟಾ ಸಿಕ್ಕಾಕಿಕೊಳ್ಳೋ ತಾಪತ್ರಯ ಬೇಡ ಅನ್ನೋರಿಗೆ ಇದು ಚಲೋ. ನಿಕಾಹ್ ಮನೆಗಳಲ್ಲಿ ಹೆಣ್ಣುಮಕ್ಕಳ ಕಡೆಯ ಫೋಟೋಕ್ಕೆ ಲೇಡಿ ಫೋಟೋಗ್ರಾಫರೇ ಬೇಕು ಅಂತ ಕೇಳ್ತಾರೆ. ಆ ಕೋಣೆಗಳು ಇಕ್ಕಟ್ಟು, ಕೆಳಗೆ ಜಮಖಾನೆ ಮೇಲೆ ಕೂತವರೇ ಹೆಚ್ಚು. ಸೊಂಟದಾಗ ಗಟ್ಟಿ ಕೂತ ಕ್ಯಾಮೆರಾ ಅಲ್ಲಿ ಯಾರ ತಲೆಗೂ ತಾಗಲ್ಲ. ಒಂದೇ ಕುಂದು ಅಂದ್ರೆ ದೊಡ್ಡ ಲೆನ್ಸ್ ಇದ್ದರೆ ನೆಲದ ಮೇಲೆ ಕೂರೋವಾಗ ಅದು ತೊಡೆಗೆ ಒತ್ತತದೆ.

ಈಗ ನನ್ನದೇ ಒಂದು ಕಥೆ. ಅಸಿಸ್ಟೆಂಟ್ ಆಗಿದ್ದ ದಿನಗಳು, ಶಹಾಬಾದ್ ಹತ್ತಿರದ ಒಂದು ಮದುವೆ. ಆನ್‌ಲೈನ್‌ನಾಗ ಅಗ್ಗಕ್ಕೆ ತರಿಸಿದ ಜೋಡಿ ಬೆಲ್ಟ್ ಹಾಕಿದ್ದೆ. ಈ ಬೆಲ್ಟ್‌ಗಳ ಸ್ಕ್ರೂ ಕ್ಯಾಮೆರಾ ತಳದ ಟ್ರೈಪಾಡ್ ತೂತಿಗೆ ಕೂರ್ತದೆ. ನಡೆಯುವಾಗ ಕ್ಯಾಮೆರಾ ಓಲಾಡ್ತದೆ, ಓಲಾಡಿದಾಗ ಸ್ಕ್ರೂ ಕೂದಲೆಳೆಯಷ್ಟು ತಿರುಗ್ತದೆ. ನೂರು ಸಲ ತಿರುಗಿದರೆ ಬಿಚ್ಕೊಂತದೆ. ಮಧ್ಯಾಹ್ನ ಊಟದ ಪಂಕ್ತಿ ಹಿಡೀಲಿಕ್ಕೆ ಹೋಗ್ತಾ ಇದ್ದೆ, ಎಡಗಡೆ ಏಕದಂ ಹಗುರ ಅನಿಸ್ತು. ಆಮೇಲೆ ಸದ್ದು. ಕೆಳಗೆ ಏನಿತ್ತು? ನಮ್ಮ ಊರಿನ ಹೆಮ್ಮೆಯ ಫರ್ಸಿ ಕಲ್ಲು. ಲೆನ್ಸಿನ ಮೌಂಟ್ ಮುರಿದಿತ್ತು. ಒಬ್ಬ ಹಿರಿಯರು ಬಂದು ನೋಡಿ, "ತಮ್ಮಾ, ನಿನಗೇನೂ ಆಗಿಲ್ಲಲ್ಲಪಾ, ಬಿಡು" ಅಂದರು. ಆ ಸೀಸನ್‌ನ ಮೂರು ಮದುವೆ ದುಡಿಮೆ ರಿಪೇರಿಗೆ ಹೋಯ್ತು.

ಹಂಗಾಗಿ ಈ ಮಾತು ಎರಡು ಸಲ ಹೇಳ್ತೀನಿ. ತಳದ ಸ್ಕ್ರೂ ಒಂದನ್ನೇ ನಂಬಬೇಡ್ರಿ. ಕ್ಯಾಮೆರಾ ಪಕ್ಕದಾಗ ಮಾಮೂಲಿ ಪಟ್ಟಿ ಹಾಕೋ ಕಿವಿ ಇರ್ತದಲ್ಲ, ಅದರಿಂದ ಬೆಲ್ಟಿಗೆ ಇನ್ನೊಂದು ಗಟ್ಟಿ ದಾರ ಕಟ್ರಿ, ಸ್ವಲ್ಪ ಸಡಿಲಾಗಿ. ಸ್ಕ್ರೂ ಬಿಚ್ಚಿದ್ರೂ ಕ್ಯಾಮೆರಾ ಅದರ ಮೇಲೆ ನೇತಾಡ್ತದೆ. ಸ್ಕ್ರೂ ಮತ್ತು ಕ್ಯಾಮೆರಾ ನಡುವೆ ರಬ್ಬರ್ ವಾಷರ್ ಇರಬೇಕು. ಅರಿಶಿಣ ಮುಗಿದ ಮೇಲೆ ಒಮ್ಮೆ, ತಾಳಿಗೆ ಮುಂಚೆ ಒಮ್ಮೆ, ಊಟಕ್ಕೆ ಹೋಗುವಾಗ ಒಮ್ಮೆ ಕೈ ಹಚ್ಚಿ ಬಿಗಿ ನೋಡ್ರಿ. ಕೊಂಡಿ ಪ್ಲಾಸ್ಟಿಕ್‌ದು ಬೇಡ, ಲಾಕ್ ತಿರುಗಿಸೋ ಉಕ್ಕಿನದೇ ಇರಲಿ. ಪೀಕ್ ಡಿಸೈನ್‌ನ ದಾರದ ಕೊಂಡಿ ಬಳಸೋರು ಬಣ್ಣದ ಮೇಲೆ ಕಣ್ಣಿಡ್ರಿ: ಮೇಲಿನ ಕರಿ ದಾರ ಸವೆದು ಒಳಗಿನ ಬೇರೆ ಬಣ್ಣ ಕಂಡ್ರೆ ಅದನ್ನ ಬದಲಾಯಿಸೋ ಹೊತ್ತು ಬಂತು ಅಂತ ಅರ್ಥ.

70-200ರಂಥ ಲೆನ್ಸ್ ಇದ್ದರೆ ಕ್ಯಾಮೆರಾ ತಳಕ್ಕೆ ತೂಗಿಸಬೇಡ್ರಿ. ಲೆನ್ಸಿಗೇ ಒಂದು ಪಾದ ಕೊಟ್ಟಿರ್ತಾರೆ, ಕೊಂಡಿ ಅದಕ್ಕೆ ಹಾಕ್ರಿ. ಒಂದೂವರೆ ಕಿಲೋ ಲೆನ್ಸಿನ ಭಾರ ಇಡೀ ದಿನ ಮೌಂಟ್ ಮೇಲೆ ಜಗ್ಗೋದು ತಪ್ತದೆ, ತೂಕನೂ ನಡುವಿಗೆ ಬರೋದರಿಂದ ಓಲಾಟ ಕಡಿಮೆ.

ಉದ್ದ ಎಷ್ಟಿರಬೇಕು? ನೆಟ್ಟಗೆ ನಿಂತು ಕೈ ಇಳಿಬಿಡ್ರಿ, ಅಂಗೈ ಎಲ್ಲಿ ಬರ್ತದೋ ಅಲ್ಲಿ ಕ್ಯಾಮೆರಾ ಸಿಗಬೇಕು, ಒಂದು ಚೂರು ಹಿಂದಕ್ಕೆ. ಮೊಣಕಾಲ ತನಕ ಇಳಿದರೆ ನಡೆಯುವಾಗ ಬಡೀತದೆ. ಆದರೆ ಉದ್ದ ಲೆನ್ಸಿನ ಕಡೆಯ ಪಟ್ಟಿ ಇನ್ನೊಂದಕ್ಕಿಂತ ಎರಡು ಮೂರು ಇಂಚು ಗಿಡ್ಡ ಇರಲಿ. ಯಾಕಂದ್ರೆ ಸುರಗಿ ಸುತ್ತೋವಾಗ ನೀವು ಮೊಣಕಾಲೂರಿ ಕೂರ್ತೀರಿ, ಆಗ ಲೆನ್ಸಿನ ಮೂತಿ ನೇರ ನೆಲಕ್ಕೆ, ಅಲ್ಲೋ ನೀರು, ಅರಿಶಿಣ. ಉದ್ದ ಬೇರೆ ಬೇರೆ ಇದ್ದರೆ ಎರಡು ಕ್ಯಾಮೆರಾ ಒಂದಕ್ಕೊಂದು ಡಿಕ್ಕಿ ಹೊಡೆಯೋದೂ ಕಡಿಮೆ.

ಯಾವ ಕೈಗೆ ಯಾವುದು? ಹೆಚ್ಚು ಬಳಸೋದು ಬಲಗಡೆ. ಬಹಳ ಮಂದಿಗೆ ಅದು ಅಗಲ ಲೆನ್ಸ್. ಒಮ್ಮೆ ನಿಕ್ಕಿ ಮಾಡಿದ ಮೇಲೆ ಬದಲಾಯಿಸಬೇಡ್ರಿ, ಹತ್ತು ಮದುವೆ ಆದ ಮೇಲೆ ಕೈ ತಾನೇ ಹೋಗ್ತದೆ. ಕ್ಯಾಮೆರಾ ಬಿಡುವಾಗ ಕೈಯಿಂದ ಜಾರಿಸಿ ಬಿಡೋದಲ್ಲ, ಸೊಂಟದ ತನಕ ಕೈಯಲ್ಲೇ ಒಯ್ದು ಬಿಡ್ರಿ. ಒಂದರಿಂದ ಹಿಡೀತಾ ಬಗ್ಗಿದಾಗ ಇನ್ನೊಂದು ಜೋಲಿ ಹೊಡೆದು ಮುಂದಕ್ಕೆ ಬರ್ತದೆ, ಮುಂದೆ ಇರೋದು ಮಕ್ಕಳ ತಲೆ, ಆರತಿ ತಟ್ಟೆ. ಬಗ್ಗೋಕಿಂತ ಮುಂಚೆ ಮೊಣಕೈಯಿಂದ ಅದನ್ನ ಪಕ್ಕೆಗೆ ಒತ್ತಿ ಹಿಡೀರಿ. ಫ್ಲ್ಯಾಶ್ ಒಂದಕ್ಕೇ ಸಾಕು. ತಲೆಕೆಳಗಾಗಿ ತೂಗೋ ಕ್ಯಾಮೆರಾದಾಗ ಫ್ಲ್ಯಾಶ್ ಕೆಳಗಿರ್ತದೆ, ಕುರ್ಚಿಗೆ ತಾಗಿ ಮೊದಲು ಮುರಿಯೋದೇ ಅದರ ಪಾದ.

ಮೆರವಣಿಗೆ ಬೇರೆ ಲೋಕ. ಹಲಗಿ ಶುರುವಾಯ್ತು, ಹುಡುಗರು ಕುಣಿತಕ್ಕೆ ನಿಂತರು ಅಂದ್ರೆ ಒಂದು ಕ್ಯಾಮೆರಾ ಗಾಡಿಯಾಗ ಇಟ್ಟು ಲಾಕ್ ಮಾಡ್ರಿ. ಅಲ್ಲಿ ಎರಡು ಹೊತ್ತು ಗೆದ್ದವರನ್ನ ನಾನು ನೋಡಿಲ್ಲ. ಪ್ರಿ ವೆಡ್ಡಿಂಗ್‌ಗೂ ಇದೇ ಮಾತು. ಮಳಖೇಡ ಕೋಟೆ ಹತ್ತೋವಾಗ, ಚಿಂಚೋಳಿ ಚಂದ್ರಂಪಳ್ಳಿ ಡ್ಯಾಮಿನ ಕಡೆ ಕಲ್ಲುಮುಳ್ಳಿನಾಗ ಇಳಿಯೋವಾಗ ಮುಹೂರ್ತದ ಅವಸರ ಇಲ್ಲ. ಎರಡನೇದು ಬೆನ್ನ ಚೀಲದಾಗ ಇರಲಿ. ಬೈಕ್ ಮೇಲಂತೂ ಹೆಗಲಿಗೆ ಕ್ಯಾಮೆರಾ ಹಾಕ್ಕೊಂಡು ಹೋಗಲೇಬೇಡ್ರಿ, ಹತ್ತೇ ನಿಮಿಷದ ದಾರಿ ಅಂದ್ರೂ. ಪಟ್ಟಿ ಚಕ್ರಕ್ಕೆ ಸಿಕ್ಕರೆ ಕ್ಯಾಮೆರಾ ಮಾತ್ರ ಹೋಗಲ್ಲ.

ಇಷ್ಟೆಲ್ಲ ಮಾಡಿದ್ರೂ ಭಾರ ಭಾರವೇ. ಕಡಿಮೆ ಮಾಡೋ ದಾರಿ ಸಣ್ಣ ಲೆನ್ಸ್. ಸೋನಿ ಎ7 3 ಬಾಡಿ 650 ಗ್ರಾಂ, ಅದಕ್ಕೆ 35 ಎಂಎಂ ಎಫ್ 1.8 ಹಾಕಿದ್ರೆ 280 ಗ್ರಾಂ. ಇನ್ನೊಂದು ಅದೇ ಬಾಡಿಗೆ 85 ಎಂಎಂ ಎಫ್ 1.8, 371 ಗ್ರಾಂ. ಎರಡೂ ಕೂಡಿ ಎರಡು ಕಿಲೋಗೂ ಕಡಿಮೆ. ಮೊದಲಿನ ಲೆಕ್ಕದ ಅರ್ಧನೂ ಇಲ್ಲ. ಹಳೇ ಡಿಎಸ್‌ಎಲ್‌ಆರ್ ಇರೋರು ಬಾಡಿ ಮಾರೋದು ಬೇಡ. 70-200 ಬದಲು 85 ಎಫ್ 1.8 ಹಾಕಿದ್ರೂ ಒಂದು ಕಿಲೋ ಇಳೀತದೆ. ಹೌದು, ದೂರದಿಂದ ಹಿಡಿಯೋಕೆ ಆಗಲ್ಲ, ನಾಲ್ಕು ಹೆಜ್ಜೆ ಮುಂದೆ ಹೋಗಬೇಕು. ಹೋಗ್ರಿ, ಭಟ್ಟರು ಬೈದ್ರೆ ಹಿಂದೆ ಬಂದ್ರಾಯ್ತು.

ಊಟಕ್ಕೆ ಕೂರೋವಾಗ ಹಾರ್ನೆಸ್ ಬಿಚ್ಚಿ ತೊಡೆ ಮೇಲೆ ಇಟ್ಕೊಳ್ರಿ, ಕುರ್ಚಿಗೆ ತೂಗ ಹಾಕಿ ಕೈ ತೊಳೆಯೋಕೆ ಹೋಗಬೇಡ್ರಿ. ಆ ಹದಿನೈದು ನಿಮಿಷ ಹೆಗಲಿಗೆ ರಜೆ. ನೀರು ಕುಡೀರಿ. ಒಂದು ಮಾತು ಗಂಭೀರವಾಗಿ: ನೋವು ರಾತ್ರಿ ಮಲಗಿದ ಮೇಲೂ ಹೋಗ್ತಿಲ್ಲ, ಕೈಬೆರಳು ಜುಮುಜುಮು ಅಂತಾವೆ, ಹಿಡಿತ ಸಡಿಲ ಅನಿಸ್ತದೆ ಅಂದ್ರೆ ಎಣ್ಣೆ ತಿಕ್ಕಿಸ್ಕೊಂಡು ಮುಂದಿನ ಮದುವೆಗೆ ಓಡಬೇಡ್ರಿ. ಡಾಕ್ಟರ್‌ಗೆ ತೋರಿಸ್ರಿ. ಇಪ್ಪತ್ತೈದರ ವಯಸ್ಸಿಗೆ ಇದೇನು ಅಂತ ನಾಚಿಕೆ ಪಟ್ಟು ಸುಮ್ಮನಿದ್ದವರು ಕ್ಯಾಮೆರಾ ಬಿಟ್ಟು ಬರೀ ಎಡಿಟಿಂಗ್‌ಗೆ ಕುಂತಿದ್ದನ್ನ ನೋಡೀನಿ.

ಹಾಂ, ಮರೀತಿದ್ದೆ. ಎರಡೂ ಕ್ಯಾಮೆರಾದ ಗಡಿಯಾರ ಒಂದೇ ಹೊತ್ತಿಗೆ ಹೊಂದಿಸ್ರಿ. ಇಲ್ಲಾಂದ್ರೆ ಆಲ್ಬಂ ಜೋಡಿಸೋವಾಗ ಕಂಪ್ಯೂಟರ್‌ನಾಗ ತಾಳಿಗಿಂತ ಮುಂಚೆನೇ ಊಟ ಬಂದಿರ್ತದೆ.

ನಾಳೆ ಮದುವೆ ಇರೋರು ಈಗಲೇ ಎರಡೂ ಕ್ಯಾಮೆರಾ ಮೈಗೆ ಹಾಕ್ಕೊಂಡು ಮನೆಯಾಗ ಇಪ್ಪತ್ತು ನಿಮಿಷ ಅಡ್ಡಾಡ್ರಿ. ಬಗ್ರಿ, ಕೂರ್ರಿ, ಮೆಟ್ಟಿಲು ಇಳೀರಿ. ಎಲ್ಲಿ ಒತ್ತತದೆ, ಎಲ್ಲಿ ಬಡೀತದೆ ಗೊತ್ತಾಗ್ತದೆ, ಬ್ಯಾಟರಿ ಚಾರ್ಜ್ ಆಗೋಷ್ಟರಲ್ಲಿ ಪಟ್ಟಿ ಸರಿ ಮಾಡ್ಕೊಬಹುದು. ಮನೆಯವರು ನಗ್ತಾರೆ, ನಗಲಿ. ಮತ್ತೆ ಸಿಗೋಣ್ರಿ.