ಮುಳಬಾಗಿಲಿನ ವಾಗ್ಗೇಯಕಾರರು: ಶ್ರೀಪಾದರಾಜರು

ಗೌನಿಪಲ್ಲಿಯ ಸುತ್ತಿನ ಹಳ್ಳಿಗಳಲ್ಲಿ ಮನೆಮಾತು ಬಹುಮಟ್ಟಿಗೆ ತೆಲುಗು. ಶಾಲೆಯ ಮಾತು ಕನ್ನಡ. ಈ ಗಡಿನಾಡಿನಲ್ಲಿ ಕನ್ನಡ ಹಾಡಿನ ಬೇರನ್ನು ಅರಸುವವರು ದೂರ ಹೋಗಬೇಕಾಗಿಲ್ಲ. ನೆರೆಯ ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ವೃಂದಾವನವಿದೆ.

ಹದಿನೈದನೆಯ ಶತಮಾನದ ಈ ಮಾಧ್ವ ಯತಿಗಳು ಜನಿಸಿದುದು ಚನ್ನಪಟ್ಟಣದ ಬಳಿಯ ಅಬ್ಬೂರಿನಲ್ಲಿ. ಪೂರ್ವಾಶ್ರಮದ ಹೆಸರು ಲಕ್ಷ್ಮೀನಾರಾಯಣ. ಅಬ್ಬೂರು ಇನ್ನೆಷ್ಟು ದೂರವೆಂದು ಸ್ವರ್ಣವರ್ಣತೀರ್ಥರು ಕೇಳಲು, ದನ ಕಾಯುತ್ತಿದ್ದ ಈ ಬಾಲಕನು ಇಳಿಯುವ ಸೂರ್ಯನನ್ನೂ ದನಗಳನ್ನೂ ತನ್ನನ್ನೂ ತೋರಿಸಿದನಂತೆ. ಹೊತ್ತು ಮುಳುಗುವಾಗಲೂ ಇಷ್ಟು ಚಿಕ್ಕವನು ದನದೊಡನೆ ಇಲ್ಲಿರಬೇಕಾದರೆ ಊರು ಹತ್ತಿರವೇ ಇರಬೇಕಲ್ಲವೆ? ಇದು ಐತಿಹ್ಯವೇ ಆದರೂ ಮುಂದಿನ ತಾರ್ಕಿಕನಿಗೆ ಒಪ್ಪುವಂತಿದೆ. ಆ ಗುರುಗಳಿಂದಲೇ ಸಂನ್ಯಾಸವನ್ನು ಪಡೆದು, ಮುಳಬಾಗಿಲಿನಲ್ಲಿ ಪಾಠಪ್ರವಚನ ನಡೆಸಿ, ಜಯತೀರ್ಥರ ನ್ಯಾಯಸುಧೆಗೆ 'ವಾಗ್ವಜ್ರ'ವೆಂಬ ವ್ಯಾಖ್ಯಾನವನ್ನು ಬರೆದರು. ವ್ಯಾಸತೀರ್ಥರು ಇವರಲ್ಲಿಯೇ ಅಧ್ಯಯನ ಮಾಡಿದರು. ಅವರನ್ನು ಸಾಳುವ ನರಸಿಂಹನ ಆಸ್ಥಾನಕ್ಕೆ ಕಳುಹಿಸಿದವರೂ ಇವರೇ.

ಇಂತಹ ಸಂಸ್ಕೃತ ಪಂಡಿತರು ಕನ್ನಡದಲ್ಲಿ ಹಾಡು ಕಟ್ಟಿದುದು ಆ ಕಾಲಕ್ಕೆ ಸಣ್ಣ ಸಾಹಸವಲ್ಲ. ನರಹರಿತೀರ್ಥರ ಕೆಲವು ಕೀರ್ತನೆಗಳು ಹಿಂದೆಯೇ ಇದ್ದುವು. ಆದರೆ ಹರಿದಾಸರ ಹಾಡು ಎಡೆಬಿಡದ ಪರಂಪರೆಯಾದುದು 'ರಂಗವಿಠಲ' ಅಂಕಿತದ ಈ ಯತಿಗಳಿಂದ. ಕೀರ್ತನೆ, ತಾಳದ ಕಟ್ಟಿಲ್ಲದ ಉಗಾಭೋಗ, ಖಂಡಖಂಡಕ್ಕೂ ತಾಳ ಬದಲಾಗುವ ಸುಳಾದಿ, ವೃತ್ತ ಮತ್ತು ಹಾಡುಗಳನ್ನು ಹೆಣೆದ ವೃತ್ತನಾಮ ಇವೆಲ್ಲವನ್ನೂ ಅವರು ರಚಿಸಿದರು. ಭ್ರಮರಗೀತೆ, ವೇಣುಗೀತೆ, ಗೋಪೀಗೀತೆಗಳಲ್ಲಿ ಭಾಗವತದ ಗೋಪಿಯರು ಕನ್ನಡ ಹೆಂಗಸರಂತೆಯೇ ಮಾತನಾಡುತ್ತಾರೆ. ಶಿಷ್ಯ ವ್ಯಾಸತೀರ್ಥರು, ಅವರಿಂದ ದೀಕ್ಷೆ ಪಡೆದ ಪುರಂದರದಾಸರು ಈ ದಾರಿಯನ್ನೇ ಹೆದ್ದಾರಿ ಮಾಡಿದರು.

ಮಾತು ಉಳಿದಿದೆ; ಮಟ್ಟು ಉಳಿಯಲಿಲ್ಲ. ತಾಳೆಗರಿಯಲ್ಲಿ ರಾಗತಾಳಗಳ ಹೆಸರನ್ನು ಬರೆದರೇ ಹೊರತು ಸ್ವರಗಳನ್ನಲ್ಲ. ಯೂರೋಪಿನ ರೀತಿ ಬೇರೆ. ಕ್ರೊಯೇಷಿಯಾದ ಶಿಬೆನಿಕ್ ನಗರದ ಇವಾನ್ ಲುಕಾಚಿಚ್ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿಯ ದೇವಸ್ತುತಿಗಳು 1620ರಲ್ಲಿ ವೆನಿಸ್ ನಗರದಲ್ಲಿ ಸ್ವರಸಹಿತ ಅಚ್ಚಾದುವು. ಜನ ಅವನನ್ನು ಮರೆತರೂ ಪುಸ್ತಕ ಮರೆಯಲಿಲ್ಲ. 1935ರಲ್ಲಿ ದ್ರಾಗನ್ ಪ್ಲಾಮೆನಾಟ್ಸ್ ಎಂಬ ವಿದ್ವಾಂಸನು ಅದರ ಆಯ್ದ ಭಾಗವನ್ನು ಮತ್ತೆ ಪ್ರಕಟಿಸಿದನು.

ಶ್ರೀಪಾದರಾಜರದು ಇದಕ್ಕೆ ತಿರುಗುಮುರುಗು: ಅವರನ್ನು ಜನ ಮರೆತೇ ಇಲ್ಲ, ಹಾಡುವುದನ್ನು ಬಿಟ್ಟೇ ಇಲ್ಲ, ಆದರೆ ಒಂದೇ ಕೀರ್ತನೆ ಒಬ್ಬರ ಬಾಯಲ್ಲಿ ಒಂದು ರಾಗವಾದರೆ ಮತ್ತೊಬ್ಬರ ಬಾಯಲ್ಲಿ ಇನ್ನೊಂದು. ಮನೆಯ ಹಿರಿಯ ಹೆಂಗಸರು ಬೆಳಗಿನ ಹೊತ್ತು ಗುನುಗುವ ಹಳೆಯ ಮಟ್ಟುಗಳನ್ನು ಸ್ವರಪಡಿಸಿ ಬರೆದಿಡುವ ಕೆಲಸ ಸಂಗೀತ ಬಲ್ಲ ಉಪಾಧ್ಯಾಯರಿಗೆ ಈಗಲೂ ಉಳಿದಿದೆ.